ಖಾಲಿ ಹೊಟ್ಟೇಲಿ ಲಾಂಗ್ ರನ್ ಮಾಡ್ತೀನಿ, ಅರ್ಧಕ್ಕೇ ಕಾಲು ಸೋತು ಹೋಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಂಗೆ 34 ವರ್ಷ, ತೂಕ 56 ಕೆಜಿ, ಮೊದಲನೇ ಮ್ಯಾರಥಾನ್‌ಗೆ ಟ್ರೈನಿಂಗ್ ಮಾಡ್ತಿದೀನಿ. ವಾರಕ್ಕೊಂದ್ಸಲ 24 ಕಿಲೋಮೀಟರ್ ಓಡ್ತೀನಿ, ಹೊರಡೋ ಮುಂಚೆ ಬರೀ ನೀರು, ಕೊಬ್ಬು ಕರಗುತ್ತೆ ಅಂತ ಯಾರೋ ಹೇಳಿದ್ರು. 16-17 ಆಗೋಷ್ಟ್ರಲ್ಲಿ ಕಾಲಲ್ಲಿ ಜೀವಾನೇ ಇರಲ್ಲ. ವಾಪಸ್ ಬಂದ್ಮೇಲೆ ಹಸಿವೂ ಆಗಲ್ಲ, ಮಧ್ಯಾಹ್ನದವರೆಗೂ ಏನೂ ತಿನ್ನಲ್ಲ. ಎರಡು ತಿಂಗಳಲ್ಲಿ 4 ಕೆಜಿ ಇಳಿದಿದೀನಿ, ಆದ್ರೆ ಸ್ಪೀಡ್ ಕಮ್ಮಿ ಆಗ್ತಿದೆ, ಪದೇಪದೇ ನೆಗಡಿ, ಹೋದ ತಿಂಗಳು ಪೀರಿಯಡ್ಸೂ ಬರಲಿಲ್ಲ. ಇನ್ನೂ ಜಾಸ್ತಿ ಪ್ರಾಕ್ಟೀಸ್ ಬೇಕಾ?

ಉತ್ತರ: ಪ್ರಾಕ್ಟೀಸ್ ಸಾಕು, ಸಾಲದೇ ಇರೋದು ಊಟ. ನೀವು ಕೊನೇಲಿ ಬರೆದ ಪೀರಿಯಡ್ಸ್ ವಿಷಯಾನೇ ನಂಗೆ ಜಾಸ್ತಿ ಯೋಚನೆ ತಂದಿರೋದು, ಅದಕ್ಕೆ ಬರ್ತೀನಿ, ಮೊದಲು ಕಾಲಿನ ಕಥೆ.

ಓಡುವಾಗ ಒಂದು ಕಿಲೋಮೀಟರಿಗೆ, ಒಂದು ಕೆಜಿ ತೂಕಕ್ಕೆ ಹತ್ರಹತ್ರ 1 ಕ್ಯಾಲೊರಿ ಖರ್ಚಾಗುತ್ತೆ, ಅಂದ್ರೆ ನಿಮ್ಮ 24 ಕಿಲೋಮೀಟರಿಗೆ ಸುಮಾರು 1350. ದೇಹ ಕಾರ್ಬೋಹೈಡ್ರೇಟನ್ನ ಗ್ಲೈಕೋಜನ್ ಅಂತ ಕೂಡಿಡುತ್ತೆ, ಸ್ನಾಯುಗಳಲ್ಲಿ 300-500 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಆಸುಪಾಸು, ಅಷ್ಟೇ. ರಾತ್ರಿ ನೀವು ಮಲಗಿದ್ದಾಗ ಲಿವರ್‌ನಲ್ಲಿರೋದು ಬಹುಪಾಲು ಖಾಲಿಯಾಗಿರುತ್ತೆ, ಅದರ ಮೇಲೆ ಬರೀ ನೀರು ಕುಡಿದು ಹೊರಟ್ರೆ ಕಾಲು ಇನ್ನೆಷ್ಟು ದೂರ ಬರುತ್ತೆ ಹೇಳಿ. ಖಾಲಿ ಹೊಟ್ಟೇಲಿ ಓಡಿದ್ರೆ ಆ ಹೊತ್ತಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ ಉರಿಯೋದು ನಿಜ, ಆದ್ರೆ ಮೈ ಕೊಬ್ಬು ಇಳಿಯೋದು ಇಡೀ ದಿನದ, ಇಡೀ ವಾರದ ಲೆಕ್ಕದ ಮೇಲೆ.

ಹೊರಡೋಕೆ ಒಂದು ಗಂಟೆ ಮುಂಚೆ ಎರಡು ಬಾಳೆಹಣ್ಣು, ಇಲ್ಲಾ ಜಾಮ್ ಹಚ್ಚಿದ ಮೂರು ಸ್ಲೈಸ್ ಬ್ರೆಡ್ ತಿನ್ನಿ. ಓಡುವಾಗ ಮೊದಲ ಮುಕ್ಕಾಲು ಗಂಟೆ ಆದ್ಮೇಲಿಂದ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಓಟಗಾರರು ತಿನ್ನೋ ಎನರ್ಜಿ ಜೆಲ್ಲೋ, ಖರ್ಜೂರವೋ, ಸ್ಪೋರ್ಟ್ಸ್ ಡ್ರಿಂಕೋ, ನಿಮ್ಮ ಹೊಟ್ಟೆ ಒಪ್ಪಿದ್ದು. ಶುರುವಲ್ಲಿ ಹೊಟ್ಟೆ ತೊಳಸಿದ ಹಾಗಾಗಬಹುದು, ಹೆದರಬೇಡಿ, ಕಮ್ಮಿಯಿಂದ ಶುರು ಮಾಡಿ ವಾರವಾರ ಏರಿಸಿದ್ರೆ ಕಾಲಿನ ಥರಾನೇ ಕರುಳೂ ಅಭ್ಯಾಸ ಆಗುತ್ತೆ. ರೇಸ್ ದಿನ ಮಾತ್ರ ಹೊಸದು ಏನನ್ನೂ ಬಾಯಿಗೆ ಹಾಕಬೇಡಿ.

ವಾಪಸ್ ಬಂದ್ಮೇಲೆ ಹಸಿವಾಗದೇ ಇರೋದು ತುಂಬಾ ಜನಕ್ಕೆ ಆಗುತ್ತೆ, ಜೋರಾಗಿ ಓಡಿದ್ರೆ ಹಸಿವಿನ ಹಾರ್ಮೋನು ಸ್ವಲ್ಪ ಹೊತ್ತು ತಗ್ಗಿಬಿಡುತ್ತೆ. ಹಸಿವಿಗೆ ಕಾಯ್ತಾ ಕೂತ್ರೆ ನಿಮ್ಮ ಹಾಗೆ ಮಧ್ಯಾಹ್ನ ಆಗಿಹೋಗುತ್ತೆ. ಅಗಿಯೋಕೆ ಆಗಲಿಲ್ವಾ, ಕುಡೀರಿ, ಹಾಲಿಗೆ ಬಾಳೆಹಣ್ಣು ಹಾಕಿ ರುಬ್ಬಿಕೊಂಡು ಒಂದು ದೊಡ್ಡ ಲೋಟ, ಅರ್ಧ-ಮುಕ್ಕಾಲು ಗಂಟೆ ಒಳಗೆ. ಆಮೇಲೆ ಒಂದೆರಡು ಗಂಟೇಲಿ ಸರಿಯಾದ ಊಟ, ಅದರಲ್ಲಿ 20-25 ಗ್ರಾಂ ಪ್ರೋಟೀನ್ ಇರಲಿ.

ಈಗ ಪೀರಿಯಡ್ಸ್. ಖರ್ಚಿಗೆ ತಕ್ಕ ಊಟ ಸಿಗದೇ ಇದ್ರೆ ದೇಹ ಉಸಿರಾಟ, ಹೃದಯ ಇಂಥದಕ್ಕೆ ಮೊದಲು ಶಕ್ತಿ ಇಟ್ಕೊಂಡು ಮುಟ್ಟು, ಮೂಳೆ, ರೋಗನಿರೋಧಕ ಶಕ್ತಿ ಕಡೆ ಕೈ ಬಿಗಿ ಮಾಡುತ್ತೆ, ಸ್ಪೀಡ್ ಬಿದ್ದಿದ್ದು, ನೆಗಡಿ, ಪೀರಿಯಡ್ಸ್ ತಪ್ಪಿದ್ದು ಮೂರಕ್ಕೂ ಇದೊಂದೇ ಕಾರಣ ಇರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ರಿಲೇಟಿವ್ ಎನರ್ಜಿ ಡೆಫಿಶಿಯೆನ್ಸಿ ಇನ್ ಸ್ಪೋರ್ಟ್, ಅಂದ್ರೆ ಆಟಗಾರರಲ್ಲಿ ಶಕ್ತಿಯ ಕೊರತೆ) ಅಂತ ಹೆಸರಿಟ್ಟಿದೆ, ಗಂಡಸರಿಗೂ ಆಗುತ್ತೆ, ಅವರಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಇಳಿಯುತ್ತೆ. ಪೀರಿಯಡ್ಸ್ ನಿಂತ್ರೆ ಓಟಗಾರ್ತಿಯರಲ್ಲಿ ಇದೆಲ್ಲಾ ಮಾಮೂಲು ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ನಂಬಬೇಡಿ, ಹೀಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಕಮ್ಮಿ ಆದಾಗ ಮೂಳೆ ಸವೆಯುತ್ತೆ, ಕಳೆದುಕೊಂಡಿದ್ದೆಲ್ಲಾ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮನೇಲೇ ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ, ಆಮೇಲೆ ಈ ವಾರಾನೇ ಸ್ತ್ರೀರೋಗ ತಜ್ಞರನ್ನ ನೋಡಿ, ತೂಕ ಇಳಿದಿದ್ದು, ಎಷ್ಟು ಓಡ್ತೀರಾ ಅನ್ನೋದನ್ನೂ ಹೇಳಿ, ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಟೆಸ್ಟ್ ಬಗ್ಗೆ ಕೇಳಿ. ರಿಪೋರ್ಟ್ ನೋಡದೇ ಕಬ್ಬಿಣದ ಮಾತ್ರೆ ಶುರು ಮಾಡ್ಬೇಡಿ.

ಅಲ್ಲಿಯವರೆಗೆ ಲಾಂಗ್ ರನ್ ನಿಲ್ಲಿಸಿ, ಹಗುರವಾಗಿ ಓಡಿ, ತೂಕ ಇಳಿಸೋದನ್ನ ಪೂರ್ತಿ ಬಿಡಿ. ಮೊಣಕಾಲ ಕೆಳಗೋ ಪಾದದಲ್ಲೋ ಮೂಳೆ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದ್ರೆ ನೋವು ಬರ್ತಿದ್ರೆ ಹಗುರವಾಗೂ ಓಡ್ಬೇಡಿ, ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.