ರಕ್ತ ಕಡಿಮಿ ಅದ, ಐರನ್ ಗುಳಿಗಿ ಬಿಟ್ಟು ಬೀಟ್‌ರೂಟ್, ಖಜೂರಿ ತಿಂದ್ರ ಸಾಕಾಗ್ತದೇನ್ರಿ?

ಶಹಾಪುರದ ಒಬ್ಬ ತಂಗಿ ಕೇಳ್ಯಾರ. ಹಿಮೋಗ್ಲೋಬಿನ್ 8.6 ಬಂದದ, ಡಾಕ್ಟರ್ ಕೊಟ್ಟ ಐರನ್ ಗುಳಿಗಿ ಚಾಲೂ ಮಾಡಿ 20 ದಿನ ಆತು, ಹೊಟ್ಟಿ ಉರೀತದ, ಸಂಡಾಸ ಕರ್ರಗ ಆಗ್ಲಿಕತ್ತದ, ಅತ್ತಿಯವರು "ಗುಳಿಗಿ ಭಾಳ ಹೀಟು, ಬಿಡು, ಬೀಟ್‌ರೂಟ್ ಖಜೂರಿ ತಿನ್ನು, ನಂಗೂ ದಮ್ಮು ಹತ್ತತದ, ನಾ ಏನ್ ಗುಳಿಗಿ ತಿಂತೀನಾ, ಮೊಣಕಾಲಿಂದು ಒಂದ್ ಬಿಟ್ರ" ಅಂತಾರಂತ. ಬಿಡ್ಲೇನ್ರಿ ಅಕ್ಕಾರೆ ಅಂತ ಪ್ರಶ್ನೆ.

ಬಿಡಬ್ಯಾಡ್ರಿ ತಂಗಿ. ನಾ ಡಾಕ್ಟರ್ ಅಲ್ಲ, ಕಲಬುರಗಿಯಾಗ ಹೈಸ್ಕೂಲ್ ಟೀಚರ್, ಆದ್ರ ಎರಡ್ ವರ್ಷದ ಹಿಂದ ನಂದು 7.4 ಇತ್ತು, ನೀವು ಹೇಳಿದ ಹೊಟ್ಟಿ ಉರಿ, ಮನಿಯವರ ಮಾತು ಎಲ್ಲಾ ನೋಡೀನಿ, ಅದಕ್ಕ ಬರೀಲಿಕತ್ತೀನಿ.

ನಂದು ಅಡಗಿ ಮನ್ಯಾಗ ಗೊತ್ತಾತು. ಮರದಾಗ ಅಕ್ಕಿ ಹಾಕ್ಕೊಂಡು ಹಳ್ಳು ಆರಸ್ಲಿಕ್ಕ ಕೂತ್ರ ಕೈ ತಾನೇ ಬಾಯಿಗಿ ಹೋಗ್ತಿತ್ತು, ಹಸಿ ಅಕ್ಕಿ, ಒಂದ್ ಮುಕ್ಕು, ಮತ್ತೊಂದ್ ಮುಕ್ಕು, ಹಲ್ಲಿನಾಗ ಕಟಕಟ ಅನ್ನೋದೇ ಒಂದು ಸುಖ ಅನಿಸ್ತಿತ್ತು, ಕಡಿಕ ಮಗಳು "ಮಮ್ಮೀ, ನೀ ಯಾಕ ದಿನಾ ಅಕ್ಕಿ ತಿಂತಿ" ಅಂದಾಗ ನಂಗೂ ಹೌದಲ್ಲ ಅನಿಸ್ತು. ಅದರ ಜೊತಿ ಸಾಲಿ ಮೆಟ್ಟಲ ಹತ್ತಿದ್ರ ಎದಿ ಡವಡವ, ಕೂದಲಾ ಉದುರೋದು, ಮುಂಜಾನಿ ಎದ್ದಾಗ್ಲೇ ಸುಸ್ತು. ಬಿಸಿಲಿಗಿ ಹಂಗ ಆಗ್ತದ ಬಿಡು ಅಂತ ಅನ್ಕೊಂಡಿದ್ದೆ, ನಮ್ಮ ಕಲಬುರಗಿ ಬಿಸಿಲು ನಿಮಗ ಗೊತ್ತೇ ಅದ. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕು ಅನ್ಸೋದು ಕಬ್ಬಿಣಾಂಶ ಕಡಿಮಿ ಆದವರೊಳಗ ಕಾಣಸ್ತದ ಅಂತ ಆಮ್ಯಾಲ ಡಾಕ್ಟರ್ ಹೇಳಿದ್ರು. ನಿಮಗೂ ಹಂಗೇನರ ಆಗ್ತಿದ್ರ ನಾಚಿಕಿ ಪಡಬ್ಯಾಡ್ರಿ, ಡಾಕ್ಟರ್ ಮುಂದ ಹೇಳ್ರಿ.

ಈಗ ನಿಮ್ಮ ಗುಳಿಗಿ ವಿಷಯ. ಸಂಡಾಸ ಕರ್ರಗ ಆಗೋದು ಐರನ್ ತೊಗೊಂಡವರಿಗಿ ಆಗೋದೇ, ಅದಕ್ಕ ಹೆದರಬ್ಯಾಡ್ರಿ. ಆದ್ರ ಡಾಂಬರಿನಂಗ ಅಂಟು ಅಂಟು, ಭಾಳ ಕೆಟ್ಟ ವಾಸನಿ ಇದ್ರ ಅದು ಬ್ಯಾರೆ, ಹೊಟ್ಟ್ಯಾಗ ರಕ್ತ ಹೋಗ್ತಿರಬಹುದು, ಅವತ್ತೇ ಆಸ್ಪತ್ರಿಗಿ ಹೋಗ್ಬೇಕು. ಹೊಟ್ಟಿ ಉರಿಯೋದಕ್ಕ ದಾರಿ ಅವ. ಖಾಲಿ ಹೊಟ್ಟಿಗಿ ತೊಗೊಂಡ್ರ ಐರನ್ ಛಲೋ ಹಿಡೀತದ ಖರೇ, ಆದ್ರ ತಡೀಲಿಕ್ಕ ಆಗ್ಲಿಲ್ಲಂದ್ರ ಊಟ ಆದ ಮ್ಯಾಲ ತೊಗೋರಿ, ಸ್ವಲ್ಪ ಕಡಿಮಿ ಹಿಡೀತದ ಅಷ್ಟೇ, ಬಿಡೋದಕ್ಕಿಂತ ಎಷ್ಟೋ ಛಲೋ. ನಾ ರಾತ್ರಿ ಊಟ ಆಗಿ ಮಲಗೋಕಿಂತ ಮೊದಲು ಲಿಂಬಿ ಹಿಂಡಿದ ನೀರಿನ ಜೊತಿ ತೊಗೋತಿದ್ದೆ. ನಿಮಗ ಲಿಂಬಿಯಿಂದ ಉರಿ ಜಾಸ್ತಿ ಆದ್ರ ಬರೇ ನೀರು ಸಾಕು. ಅದೂ ಆಗ್ಲಿಲ್ಲಂದ್ರ ಡಾಕ್ಟರ್‌ಗ ಹೇಳಿದ್ರ ಬ್ಯಾರೆ ಗುಳಿಗಿ ಕೊಡ್ತಾರ, ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಆಸ್ಕಾರ್ಬೇಟ್ ಅಂತ ಅವ, ಒಬ್ಬರಿಗಿ ಒಂದ್ ಒಗ್ಗತದ. ಇಲ್ಲಾ ದಿನಾ ಬಿಟ್ಟು ದಿನಾ ತೊಗೋರಿ ಅಂತಾರ. ನಂಗ ಹಂಗೇ ಹೇಳಿದ್ರು, ಒಂದ್ ದಿನ ಗುಳಿಗಿ ನುಂಗಿದ್ರ ಮರುದಿನ ಕರುಳು ಐರನ್ ಒಳಗ ಬಿಡೋದು ಕಡಿಮಿ ಮಾಡ್ತದ, ಹಂಗಾಗಿ ಒಂದ್ ದಿನ ಗ್ಯಾಪ್ ಕೊಟ್ರ ಹಿಡಿಯೋದೂ ಛಲೋ, ಹೊಟ್ಟಿಗೂ ಆರಾಮ ಅಂತ. ಆದ್ರ ಇದು ನೀವೇ ಮಾಡೋದಲ್ಲ, ಕೇಳಿ ಮಾಡ್ರಿ.

ಒಂದ್ ಮಾತು ಮಾತ್ರ ಘಟ್ಟಿ ಹಿಡೀರಿ, ಗುಳಿಗಿ ಹತ್ತರ ಚಾ ಬರಬಾರದು, ಹಾಲೂ ಬರಬಾರದು, ಕ್ಯಾಲ್ಶಿಯಂ ಗುಳಿಗಿನೂ ಬರಬಾರದು. ಚಾದಾಗಿನ ಒಗರು ಐರನ್ ಹಿಡಕೊಂಡು ಹೊಟ್ಟ್ಯಾಗಿಂದ ಹಂಗೇ ಹೊರಗ ಕಳಸ್ತದ. ನಮ್ಮ ಕಡಿ ಕತಿ ಏನಂದ್ರ ರೊಟ್ಟಿ ತಿಂದ ಕೈ ತೊಳ್ಯೋದ್ರೊಳಗ ಚಾ ಒಲಿ ಮ್ಯಾಲ ಇರ್ತದ, ಬಂದವರಿಗಿ ಚಾ, ಹೋಗೋರಿಗಿ ಚಾ, ನಾನೂ ದಿನಕ್ಕ ಐದಾರು ಕಪ್ ಕುಡೀತಿದ್ದೆ. ಬಿಡ್ಲಿಕ್ಕ ಆಗ್ಲಿಲ್ಲ, ಊಟಕ್ಕೂ ಚಾಕ್ಕೂ ನಡುವ ಒಂದೂವರಿ ತಾಸು ಗ್ಯಾಪ್ ಇಟ್ಟೆ ಅಷ್ಟೇ. ಥೈರಾಯ್ಡ್ ಗುಳಿಗಿ ತೊಗೊಳ್ಳೋರು ಇದ್ರ ಅದಕ್ಕೂ ಐರನ್‌ಗೂ ನಾಕು ತಾಸು ಅಂತರ ಬೇಕು. ಆ್ಯಸಿಡಿಟಿ ಗುಳಿಗಿ ದಿನಾ ತಿನ್ನೋರಿಗೂ ಐರನ್ ಸರಿ ಹಿಡೀಯಂಗಿಲ್ಲ, ಅದನ್ನೂ ಡಾಕ್ಟರ್‌ಗ ಹೇಳ್ರಿ.

ಬೀಟ್‌ರೂಟ್ ಬಗ್ಗೆ ಅತ್ತಿಯವರಿಗಿ ಈ ಲೆಕ್ಕ ಸಮಾಧಾನದಿಂದ ಹೇಳ್ರಿ. ನಮ್ಮ ದೇಶದ ಆಹಾರ ಲೆಕ್ಕದ ಪ್ರಕಾರ ಹೆಣ್ಣುಮಕ್ಕಳಿಗಿ ದಿನಕ್ಕ 29 ಮಿಲಿಗ್ರಾಂ ಕಬ್ಬಿಣ ಊಟದಾಗ ಬೇಕು, ಗಂಡಸರಿಗಿ 19. ನೂರು ಗ್ರಾಂ ಬೀಟ್‌ರೂಟ್‌ನ್ಯಾಗ ಒಂದ್ ಮಿಲಿಗ್ರಾಂನೂ ಇರಂಗಿಲ್ಲ, ದಾಳಿಂಬ್ರದಾಗ ಅದಕ್ಕಿಂತಾ ಕಡಿಮಿ. ಬಣ್ಣ ಕೆಂಪದ ಅಂತ ರಕ್ತ ಆಗ್ತದ ಅಂತಾರ, ಆದ್ರ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ. ಸರ್ಕಾರಿ ಆಸ್ಪತ್ರ್ಯಾಗ ಕೊಡೋ ಕೆಂಪು ಗುಳಿಗಿ ಒಂದ್ರಾಗ 60 ಮಿಲಿಗ್ರಾಂ ಕಬ್ಬಿಣ, ಜೊತಿಗಿ ಫೋಲಿಕ್ ಆ್ಯಸಿಡ್ ಅದ. ಕಾಳು, ಪಲ್ಯಾದಾಗಿನ ಕಬ್ಬಿಣ ನೂರಕ್ಕ 5ರಿಂದ 10 ಅಷ್ಟೇ ಮೈಗಿ ಹತ್ತತದ. 8.6ಕ್ಕ ಇಳಿದವರು ಬರೇ ಊಟದಿಂದ ಮ್ಯಾಲ ಬರ್ತೀನಿ ಅಂದ್ರ ಆಗಂಗಿಲ್ಲ. ಬೀಟ್‌ರೂಟ್ ತಿನ್ರಿ, ಖಜೂರಿ ತಿನ್ರಿ, ಗುಳಿಗಿ ಬದ್ಲಿ ಬ್ಯಾಡ.

ಹಂಗಂತ ಊಟ ಮಹತ್ವದ್ದಲ್ಲ ಅಂತಲ್ಲ, ಗುಳಿಗಿ ನಿಂತ ಮ್ಯಾಲ ನಿಮ್ಮನ್ನ ಹಿಡ್ಯೋದೇ ಊಟ, ಮತ್ತ ಅದಕ್ಕ ದುಬಾರಿ ಪೌಡರ್ ಡಬ್ಬಿ ಏನೂ ಬ್ಯಾಡ. ಸಜ್ಜಿ ರೊಟ್ಟಿ ಮ್ಯಾಲ ಎಳ್ಳು, ತೊಗರಿ ಬ್ಯಾಳಿ, ಕಡ್ಲಿ, ಮೊಳಕಿ ಬರಿಸಿದ ಮಡಕಿ ಕಾಳು, ರಾಜಗಿರಿ ಪಲ್ಯ, ಗುರೆಳ್ಳ ಹಿಂಡಿ, ಬಾಣಂತಿಗಿ ಕೊಡೋ ಅಳ್ವಿ ಇವೆಲ್ಲಾ ಕಬ್ಬಿಣ ಇದ್ದವೇ. ಜೊತಿಗಿ ಹುಳಿ ಇರಬೇಕು, ಲಿಂಬಿ, ಟಮಾಟಿ, ಪೇರಲ ಹಣ್ಣು, ನೆಲ್ಲಿಕಾಯಿ ಯಾವ್ದರ ಒಂದು, ವಿಟಮಿನ್ ಸಿ ಇದ್ರ ಕಾಳು ಪಲ್ಯಾದಾಗಿನ ಕಬ್ಬಿಣ ಜಾಸ್ತಿ ಹಿಡೀತದ. ನಮ್ಮ ಎಳ್ಳಮಾಸಿ ಭಜ್ಜಿ ನೆನಪು ಮಾಡ್ಕೋರಿ, ಹಸಿ ಕಾಳು, ಮೆಂತ್ಯ ಪಲ್ಯ, ಹುಣಸಿ ಹುಳಿ, ಮಗ್ಗಲಕ ಸಜ್ಜಿ ಕಡುಬು, ಹುಳಿ ಬಂದ ಅಂಬಲಿ. ಕಾಳಿನಾಗ ಕಬ್ಬಿಣ ಕಟ್ಟಿ ಹಾಕೋ ಅಂಶ ಇರ್ತದ, ಅದು ಮೊಳಕಿ ಬರಸಿದ್ರ, ಹುಳಿ ಬರಸಿದ್ರ ಕಡಿಮಿ ಆಗ್ತದ, ನಮ್ಮ ಹಿರ್ಯಾರು ಹೊಲದಾಗ ಕೂತು ಉಂಡಿದ್ದು ಎಷ್ಟು ಸರಿ ಇತ್ತು ಅಂತ ನಂಗ ಈಗ ತಿಳೀಲಿಕತ್ತದ. ವರ್ಷಕ್ಕೊಮ್ಮೆ ಮಾಡೋದನ್ನ ನಾ ಥಂಡಿ ದಿನದಾಗ ವಾರಕ್ಕೊಮ್ಮೆ ಮಾಡ್ತೀನಿ. ಮಾಂಸ ತಿನ್ನೋರಿದ್ರ ಮಟನ್, ಕಲೇಜಿಯಾಗಿನ ಕಬ್ಬಿಣ ಎಲ್ಲಕ್ಕಿಂತ ಛಲೋ ಹಿಡೀತದ, ಬಸುರಿ ಇದ್ದವರು ಮಾತ್ರ ಕಲೇಜಿ ಕೇಳಿ ತಿನ್ರಿ, ಅದ್ರಾಗ ವಿಟಮಿನ್ ಎ ಭಾಳ ಇರ್ತದ.

ಇಷ್ಟೆಲ್ಲಾ ಹೇಳಿದ್ರೂ ನಂಗ ಮುಖ್ಯ ಅನ್ಸೋದು ಬ್ಯಾರೆನೇ ಅದ. ನಿಮ್ಮ ರಕ್ತ ಯಾಕ ಕಡಿಮಿ ಆತು ಅಂತ ಯಾರರ ಹುಡುಕ್ಯಾರೇನು? ನನ್ನ ಆರು ತಿಂಗಳು ಇಲ್ಲೇ ಹಾಳಾದ್ವು. ಒಂದು ಕ್ಲಿನಿಕ್‌ನ್ಯಾಗ ಪ್ರತಿ ಸಲ ವೀಕ್ನೆಸ್ ಅಂತ ಸಲೈನ್ ಹಚ್ಚತಿದ್ರು, ಒಂದು ಟಾನಿಕ್ ಬಾಟಲಿ ಕೊಡ್ತಿದ್ರು, ಎರಡ್ ದಿನ ಛಲೋ ಅನಿಸ್ತಿತ್ತು, ಮತ್ತ ಅದೇ ಹಾಡು. ಸಲೈನ್ ಅಂದ್ರ ಉಪ್ಪು ನೀರು ತಂಗಿ, ಅದ್ರಾಗ ಕಬ್ಬಿಣ ಇಲ್ಲ. ಕಡಿಕ ಒಬ್ಬ ಲೇಡಿ ಡಾಕ್ಟರ್ ಹತ್ತರ ಹೋದಾಗ ಅವರು ನಾಡಿ ಹಿಡಿಯೋಕಿಂತ ಮೊದಲು ಕೇಳಿದ್ದು "ಮುಟ್ಟಿನಾಗ ದಿನಕ್ಕ ಎಷ್ಟು ಪ್ಯಾಡ್ ಬದಲಿ ಮಾಡ್ತೀರಿ, ಗಡ್ಡಿ ಗಡ್ಡಿ ಹೋಗ್ತದೇನು, ಎಷ್ಟು ದಿನ" ಅಂತ. ಎರಡ್ ತಾಸಿಗೊಂದು, ಎಂಟು ದಿನ ಅಂದೆ. ನಂಗ ಅದು ಎಲ್ಲಾರಿಗೂ ಹಂಗೇ ಇರ್ತದ ಅಂತ ಅನಿಸಿತ್ತು, ನಮ್ಮವ್ವಗೂ ಹಂಗೇ ಇತ್ತು. ಸ್ಕ್ಯಾನ್ ಮಾಡಿಸಿದ್ರ ಗರ್ಭಚೀಲದಾಗ ಫೈಬ್ರಾಯ್ಡ್, ಅಂದ್ರ ಕ್ಯಾನ್ಸರ್ ಅಲ್ಲದ ಗಂಟು. ಅದಕ್ಕ ಟ್ರೀಟ್‌ಮೆಂಟ್ ಆಗಿ ರಕ್ತ ಹೋಗೋದು ಕಡಿಮಿ ಆದ ಮ್ಯಾಲೇ ಗುಳಿಗಿ ಕೆಲಸ ಮಾಡಿದ್ದು ಕಂಡಿತು, ಒಂದು ತಿಂಗಳಿಗಿ 8.8, ಮೂರು ತಿಂಗಳಿಗಿ 11.9. ನೀವು ಕಾಪರ್-ಟಿ ಹಾಕಿಸ್ಕೊಂಡಿದ್ರ ಅದ್ರಿಂದನೂ ಮುಟ್ಟು ಜಾಸ್ತಿ ಹೋಗಬಹುದು, ಹೇಳ್ರಿ. ಮೂಲವ್ಯಾಧಿ, ಹೊಟ್ಟಿ ಹುಣ್ಣು, ಜಂತುಹುಳ ಇವೂ ಕಾರಣ. ಹೊಲದಾಗ ಬರಿಗಾಲಲೆ ಅಡ್ಡಾಡೋರಿಗಿ ಕೊಕ್ಕಿಹುಳ ಕಾಲಿನ ಚರ್ಮದಾಗಿಂದ ಒಳಗ ಹೋಗಿ ಕರುಳಿನಾಗ ಕೂತು ರಕ್ತ ಹೀರ್ತದ, ಅದಕ್ಕ ಸರ್ಕಾರದವ್ರು ಸಾಲಿ ಹುಡುಗರಿಗಿ ಅಲ್ಬೆಂಡಜೋಲ್ ಕೊಡೋದು.

ಟೆಸ್ಟ್ ಬರೇ ಹಿಮೋಗ್ಲೋಬಿನ್ ಮಾಡಿಸಿ ಸುಮ್ನ ಕೂಡಬ್ಯಾಡ್ರಿ, ಸಿಬಿಸಿ (ರಕ್ತದ ಕಣಗಳ ಪೂರ್ತಿ ಟೆಸ್ಟ್) ಜೊತಿ ಫೆರಿಟಿನ್ ಮಾಡಸ್ಲೇನ್ರಿ ಅಂತ ಕೇಳ್ರಿ. ಫೆರಿಟಿನ್ ಅಂದ್ರ ಮೈಯಾಗ ಕಬ್ಬಿಣ ಎಷ್ಟು ಕೂಡಿಟ್ಟದ ಅನ್ನೋ ಲೆಕ್ಕ, 15ಕ್ಕಿಂತ ಕೆಳಗ ಅಂದ್ರ ಖಾಲಿ, 30ರ ಕೆಳಗಿದ್ರೂ ಭಾಳ ಡಾಕ್ಟರ್ ಕಡಿಮಿ ಅಂತಾರ, ಜ್ವರ ಇದ್ದಾಗ ಮಾಡಿಸಿದ್ರ ಅದು ಸುಳ್ಳೇ ಜಾಸ್ತಿ ತೋರಸ್ತದ. ಸಿಬಿಸಿಯಾಗ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಕಡಿಮಿ ಇದ್ದು ಫೆರಿಟಿನ್ ಛಲೋ ಇದ್ರ ಥಲಸ್ಸೀಮಿಯಾ ಟ್ರೇಟ್ (ತಂದಿ ತಾಯಿಯಿಂದ ಬರೋ ರಕ್ತದ ದೋಷ) ಇರಬಹುದು, ಆವಾಗ ಸುಮ್ನ ಐರನ್ ನುಂಗಬಾರದು. ಎಂಸಿವಿ ಜಾಸ್ತಿ ಇದ್ರ ವಿಟಮಿನ್ ಬಿ12 ನೋಡ್ತಾರ.

ಮತ್ತ ಗುಳಿಗಿ ಎಷ್ಟು ದಿನ ಅಂದ್ರ, ಹಿಮೋಗ್ಲೋಬಿನ್ 12 ದಾಟಿದ ಕೂಡ್ಲೆ ಬಿಟ್ರ ತಪ್ಪು, ಆಮ್ಯಾಲ ಇನ್ನೂ ಸುಮಾರು ಮೂರು ತಿಂಗಳು ತೊಗೋಬೇಕು, ಆಗ ಕೂಡಿಟ್ಟ ಜಾಗ ತುಂಬತದ. ನಾ ಇದನ್ನ ಕ್ಯಾಲೆಂಡರ್‌ನ್ಯಾಗ ಪೆನ್ನಿಲೆ ಟಿಕ್ ಮಾಡ್ತಿದ್ದೆ. ಒಂದು ತಿಂಗಳು ಸರಿಯಾಗಿ ತೊಗೊಂಡ್ರೂ ಒಂದ್ ಗ್ರಾಂನೂ ಏರ್ಲಿಲ್ಲಂದ್ರ ಮತ್ತ ಡಾಕ್ಟರ್ ಹತ್ತರ ಹೋಗ್ರಿ, ಆವಾಗ ಐರನ್ ಇಂಜೆಕ್ಷನ್ ಸಲೈನ್‌ನ್ಯಾಗ ಹಾಕಿ ಕೊಡೋದೂ ಅದ, ಅದು ಆಸ್ಪತ್ರ್ಯಾಗೇ ಆಗಬೇಕು. ಬಸುರಿ ಇದ್ರ ಇವತ್ತೇ ಹೇಳ್ರಿ, ಆಶಾ ಕಾರ್ಯಕರ್ತೆ ಹತ್ತರ ಹೆಸರು ಬರೆಸ್ರಿ. ಕೂತಲ್ಲೇ ದಮ್ಮು, ಎದಿ ನೋವು, ತಲಿ ತಿರುಗಿ ಬೀಳೋದು ಇದ್ರ ಕಾಯಬ್ಯಾಡ್ರಿ. ಗುಳಿಗಿ ಪೇಟಿ ಸಣ್ಣ ಹುಡುಗರ ಕೈಗಿ ಸಿಗದಂಗ ಮ್ಯಾಲ ಇಡ್ರಿ, ಬಣ್ಣ ನೋಡಿ ಚಾಕಲೇಟ್ ಅಂತ ನುಂಗಿದ್ರ ಜೀವಕ್ಕ ಅಪಾಯ.

ಅತ್ತಿಯವರ ಜೊತಿ ಜಗಳ ಮಾಡಬ್ಯಾಡ್ರಿ, ಅವರನ್ನೂ ಕರ್ಕೊಂಡು ಹೋಗ್ರಿ. ಅವರಿಗಿ ದಮ್ಮು ಹತ್ತತದ, ಮೊಣಕಾಲಿಗಿ ಗುಳಿಗಿ ತಿಂತಾರ ಅಂತ ಬರ್ದೀರಿ. ಮುಟ್ಟು ನಿಂತವರಿಗಿ ರಕ್ತ ಕಡಿಮಿ ಆದ್ರ ಹೊಟ್ಟ್ಯಾಗ ಎಲ್ಲೆರ ಹೋಗ್ಲಿಕತ್ತದೇನು ಅಂತ ನೋಡಲೇಬೇಕು, ನೋವಿನ ಗುಳಿಗಿ ದಿನಾ ತಿಂದ್ರ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಗೊತ್ತಾಗದಂಗ ಹೋಗ್ತದ. ಆ ಮೊಣಕಾಲ ಗುಳಿಗಿ ಪೇಟಿ ಕೈಯಾಗ ಹಿಡ್ಕೊಂಡೇ ಹೋಗ್ರಿ, ಡಾಕ್ಟರ್‌ಗ ತೋರಿಸ್ರಿ, ಇಬ್ಬರಿಗೂ ಕೂಡೇ ಸಿಬಿಸಿ ಮಾಡಿಸ್ರಿ.