ಓದುಗರ ಪ್ರಶ್ನೆಗೆ ಉತ್ತರ: ವರ ಕೊಟ್ಟ ಮೇಲೆ ಅದನ್ನು ಮರೆಯಬಹುದೇ?

ಪ್ರಶ್ನೆ: ಹೈಸ್ಕೂಲಿನಲ್ಲಿ ಓದುವ ಮಗನೊಂದಿಗೆ ಕುಳಿತು ‘ದಿ ಫ್ಲ್ಯಾಶ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ನೋಡುತ್ತಿದ್ದೇನೆ. ಶಬ್ದಕ್ಕಿಂತ ವೇಗವಾಗಿ ಓಡಬಲ್ಲ ನಾಯಕನು, ಎದುರಾಳಿ ಆಯುಧ ಎತ್ತುವವರೆಗೂ ಮಾತನಾಡುತ್ತ ನಿಂತು ಏಟು ತಿನ್ನುತ್ತಾನೆ. ನಾನು ಆಕ್ಷೇಪಿಸಿದರೆ, “ಮನುಷ್ಯ ಅಷ್ಟು ವೇಗವಾಗಿ ಓಡುತ್ತಾನೆಂದು ಒಪ್ಪಿದ ಮೇಲೆ ಉಳಿದದ್ದಕ್ಕೆ ತರ್ಕ ಯಾಕಪ್ಪಾ?” ಎಂದು ಮಗ ಕೇಳುತ್ತಾನೆ. ನನ್ನ ಆಕ್ಷೇಪ ತಪ್ಪೇ?
– ಒಬ್ಬ ಅಧ್ಯಾಪಕರು, ಬದಿಯಡ್ಕ

ಉತ್ತರ: ತಪ್ಪಲ್ಲ, ಮಾಷ್ಟ್ರೇ. ಮಗನ ಪ್ರಶ್ನೆಯೂ ತಳ್ಳಿಹಾಕುವಂಥದ್ದಲ್ಲ; ಅದಕ್ಕೆ ಉತ್ತರ, ವೇಷ-ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ನಮ್ಮ ಊರಿನ ತಾಳಮದ್ದಳೆಯ ಕೂಟದಲ್ಲೇ ಸಿಗುತ್ತದೆ. ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆಂಬ ವರವನ್ನು ‘ವಾಲಿಮೋಕ್ಷ’ ಕೇಳಲು ಬಂದ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆ ವರವನ್ನು ಒಮ್ಮೆ ಒಪ್ಪಿದ ಮೇಲೆ ಮುಂದಿನದೆಲ್ಲ ಅದರಿಂದಲೇ ಹುಟ್ಟುತ್ತದೆ: ರಾಮನು ಎದುರಿಗೆ ಬರುವಂತಿಲ್ಲ, ಮರದ ಮರೆಯಿಂದಲೇ ಬಾಣ ಬಿಡಬೇಕು, ಹಾಗೆ ಬಿಟ್ಟದ್ದು ಯಾವ ಧರ್ಮವೆಂದು ನೆಲಕ್ಕೆ ಬಿದ್ದ ವಾಲಿಯೇ ಕೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು (ಪಾತ್ರವಾಗಿ ಮಾತನಾಡುವ ಕಲಾವಿದರು) ವಾಲಿಯಾಗಿ ಕುಳಿತಾಗ ಜನರು ನಿದ್ದೆಗೆಟ್ಟು ಕೇಳುತ್ತಿದ್ದುದು ಆ ಪ್ರಶ್ನೆಯನ್ನೇ. ಕಥೆಯೊಳಗಿನ ತೊಡಕನ್ನು ಕಥೆಯ ಪಾತ್ರವೇ ಎತ್ತಿ ಕೇಳುವ ಕಲೆಯ ನಡುವೆ ಬೆಳೆದ ನಮಗೆ, ಆ ತೊಡಕನ್ನು ಮುಚ್ಚಿಟ್ಟ ಕಥೆ ಸಪ್ಪೆಯೆನಿಸುವುದು ಸಹಜ.

ನೀವು ಹೇಳಿದ ದೃಶ್ಯವನ್ನೇ ಲೆಕ್ಕ ಹಾಕಿ ನೋಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆ ವೇಗದಲ್ಲಿ ಓಡುವವನಿಗೆ 7 ಮೀಟರ್ ದೂರದಲ್ಲಿ ನಿಂತ ಕಳ್ಳನನ್ನು ತಲುಪಲು ಸೆಕೆಂಡಿನ 50ನೇ ಒಂದು ಪಾಲು ಸಾಕು. ಕಳ್ಳನು ಒಮ್ಮೆ ರೆಪ್ಪೆ ಬಡಿಯಬೇಕಾದರೂ ಅದರ ಐದು ಪಟ್ಟು ಹೊತ್ತು ಬೇಕು. ಹಾಗಿರುವಾಗ, ಅತಿವೇಗವೇನೂ ಇಲ್ಲದ, ಕೈಯಲ್ಲೊಂದು ಹಿಮದ ಬಂದೂಕು ಮಾತ್ರ ಇರುವ ಕ್ಯಾಪ್ಟನ್ ಕೋಲ್ಡ್ ಎಂಬ ಖಳನು ಎದುರಿಗೇ ಗುರಿಯಿಟ್ಟು ಹೊಡೆದನೆಂದರೆ, ನಾಯಕನಿಗೆ ತಾನೇ ಕೊಟ್ಟ ವರವನ್ನು ಬರೆದವನು ಅಷ್ಟು ಹೊತ್ತು ಮರೆತಿದ್ದಾನೆಂದೇ ಅರ್ಥ. 2014ರಿಂದ 2023ರವರೆಗೆ 9 ಸರಣಿಗಳಲ್ಲಿ 184 ಕಂತುಗಳು ಬಂದ ಧಾರಾವಾಹಿ ಅದು. ಎರಡನೆಯ ನಿಮಿಷದಲ್ಲೇ ಕಳ್ಳ ಸಿಕ್ಕಿಬಿದ್ದರೆ ಉಳಿದ 40 ನಿಮಿಷವನ್ನು ಹೇಗೆ ತುಂಬಿಸುವುದೆಂಬ ಬರಹಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ವೇಗದಿಂದ ಬಗೆಹರಿಯದ ಸಂಕಟವನ್ನು ಹುಡುಕಿ ತರುವುದು ಅವರದೇ ಕೆಲಸ, ಮತ್ತು ಅದು ಅವರಿಗೆ ಬಾರದ ವಿದ್ಯೆಯೂ ಅಲ್ಲ. ಮೊದಲ ಸರಣಿಯ ಕೊನೆಯ ಕಂತನ್ನು ಮಗನೊಂದಿಗೆ ಮತ್ತೊಮ್ಮೆ ನೋಡಿ. ತಾಯಿಯ ಕೊಲೆಯಾದ ರಾತ್ರಿಗೆ ಹಿಂದಿರುಗಿದ ನಾಯಕ ಬ್ಯಾರಿ ಅವಳನ್ನು ಉಳಿಸದೆ ಬಾಗಿಲ ಮರೆಯಲ್ಲೇ ನಿಂತು, ಕೊನೆಯುಸಿರಿನ ಹೊತ್ತಿಗೆ ಬಳಿಗೆ ಹೋಗಿ, ಮುಖವಾಡ ತೆಗೆದು, ತಾನು ಮಗನೆಂದು ಹೇಳುತ್ತಾನೆ. ಅಲ್ಲಿ ಅವನ ವೇಗ ಎಷ್ಟೇ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಆ ದೃಶ್ಯದಲ್ಲಿ ಮಗನೂ ಸುಮ್ಮನಾಗುತ್ತಾನೆಂದು ನನ್ನ ನಂಬಿಕೆ.

ಪ್ರಶ್ನೆ: ಎತ್ತರದ ಕಟ್ಟಡದಿಂದ ಬೀಳುವವರನ್ನು, ನೆಲ ಮುಟ್ಟುವ ಮೊದಲು, ಹಾರುವ ವೀರನು ಎರಡೂ ಕೈ ಚಾಚಿ ಹಿಡಿದರೆ ಅವರು ನಿಜವಾಗಿ ಬದುಕುವರೇ?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ತೋರಿಸುವ ರೀತಿಯಲ್ಲಿ ಹಿಡಿದರೆ ಬದುಕುವುದಿಲ್ಲ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 100 ಮೀಟರ್ ಬಿದ್ದವರ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್ ಆಗಿರುತ್ತದೆ. ಅವರನ್ನು ಒಂದೇ ಮೀಟರಿನೊಳಗೆ ನಿಲ್ಲಿಸಿದರೆ ಮೈಮೇಲೆ ಬೀಳುವ ಬಲ ಅವರ ತೂಕದ ನೂರು ಪಟ್ಟು. ಉಕ್ಕಿನಂಥ ಆ ತೋಳುಗಳಿಗೂ ನೆಲಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಹಲಸಿನ ಹಣ್ಣನ್ನು ಮರದಿಂದ ಹಗ್ಗ ಕಟ್ಟಿ ನಿಧಾನವಾಗಿ ಇಳಿಸುವುದನ್ನು ನೀವು ಮನೆಯಲ್ಲಿ ಕಂಡಿರುತ್ತೀರಿ. ವೀರನೂ 50 ಮೀಟರ್ ಬಿದ್ದವರ ಜೊತೆಜೊತೆಗೇ ಕೆಳಗೆ ಹಾರುತ್ತ ಹಿಡಿದುಕೊಂಡು, ಉಳಿದ 50 ಮೀಟರಿನಲ್ಲಿ ಮೆಲ್ಲಮೆಲ್ಲನೆ ವೇಗ ತಗ್ಗಿಸಿದರೆ ಮೈಮೇಲಿನ ಬಲ ತೂಕದ ಎರಡು ಪಟ್ಟಿಗೆ ಇಳಿಯುತ್ತದೆ. ದೃಶ್ಯವೂ ಹೆಚ್ಚು ರೋಚಕವಾಗುತ್ತಿತ್ತು.

ಪ್ರಶ್ನೆ: ನಾನೊಂದು ವಿಜ್ಞಾನ ಧಾರಾವಾಹಿಯ ಕಥೆ ಬರೆಯುತ್ತಿದ್ದೇನೆ. 5ನೇ ಕಂತಿನಲ್ಲಿ ನಾಯಕಿ ಎಂಥ ಗಾಯವನ್ನೂ ವಾಸಿಮಾಡುವ ಯಂತ್ರವನ್ನು ತಯಾರಿಸುತ್ತಾಳೆ. 9ನೇ ಕಂತಿನಲ್ಲಿ ಅವಳ ತಮ್ಮ ಗಾಯಗೊಂಡು ಸಾಯುತ್ತಾನೆ. ಓದಿದ ಗೆಳತಿ “ಆ ಯಂತ್ರ ಎಲ್ಲಿ ಹೋಯಿತು?” ಎಂದಳು. ಏನು ಮಾಡಲಿ?
– ಹೊಸ ಬರಹಗಾರ್ತಿ, ಕುಂಬಳೆ

ಉತ್ತರ: ನಿಮ್ಮ ಗೆಳತಿಯ ಮಾತನ್ನು ಬಿಡಬೇಡಿ. ‘ಸ್ಟಾರ್ ಟ್ರೆಕ್’ನಂಥ ಹೆಸರಾಂತ ಧಾರಾವಾಹಿಯೂ ಇಲ್ಲಿ ಎಡವಿದೆ. ಅದರ 1989ರ ಒಂದು ಕಂತಿನಲ್ಲಿ ಅಕಾಲ ಮುಪ್ಪಿಗೆ ತುತ್ತಾದ ವೈದ್ಯೆಯನ್ನು, ಅವಳ ತಲೆಬಾಚಣಿಗೆಯಲ್ಲಿ ಸಿಕ್ಕ ಒಂದು ಕೂದಲಿನ ಆಧಾರದಿಂದ, ಜನರನ್ನು ಸಾಗಿಸುವ ಯಂತ್ರದ ಮೂಲಕವೇ ಮೊದಲಿನಂತೆ ಮಾಡುತ್ತಾರೆ. ಮುಪ್ಪಿಗೇ ಮದ್ದು ಸಿಕ್ಕಿತು, ಆದರೆ ಮುಂದೆ ಯಾರಿಗೂ ಅದರ ನೆನಪಾಗಲಿಲ್ಲ. ‘ಡಾಕ್ಟರ್ ಹೂ’ ಬೇರೆ ದಾರಿ ಹಿಡಿಯಿತು. 1968ರಲ್ಲಿ ಅದರೊಳಗೆ ಬಂದ ಸೋನಿಕ್ ಸ್ಕ್ರೂಡ್ರೈವರ್ ಎಲ್ಲ ಬೀಗಗಳನ್ನೂ ತೆರೆಯುವ ಸುಲಭೋಪಾಯವಾಯಿತೆಂದು ಕಂಡ ನಿರ್ಮಾಪಕರು 1982ರಲ್ಲಿ ಕಥೆಯೊಳಗೇ ಅದನ್ನು ನಾಶಮಾಡಿಸಿದರು. ಧಾರಾವಾಹಿ 2005ರಲ್ಲಿ ಮರಳಿ ಬಂದಾಗ ಆ ಉಪಕರಣವೂ ಬಂತು, ಆದರೆ ಮರದಿಂದ ಮಾಡಿದ ವಸ್ತುಗಳ ಮೇಲೆ ಅದು ಕೆಲಸ ಮಾಡದೆಂಬ ಮಿತಿ ಆಮೇಲೆ ಸೇರಿತು.

ನಿಮಗೆ ಇನ್ನೂ ಹತ್ತಿರದ ಮಾದರಿ ಕರ್ಣನ ಶಕ್ತ್ಯಾಯುಧ. ಒಮ್ಮೆ ಮಾತ್ರ ಪ್ರಯೋಗಿಸಬಹುದಾದ, ಅರ್ಜುನನಿಗೆಂದೇ ಕಾದಿರಿಸಿದ ಅದನ್ನು ಅವನು ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಅರ್ಜುನ ಎದುರಾದಾಗ ಕೈ ಬರಿದಾಗಿತ್ತು. ನಿಮ್ಮ ಯಂತ್ರವೂ ಒಂದೇ ಸಲ ನಡೆಯುವಂಥದ್ದಾಗಿರಲಿ. 5ನೇ ಕಂತಿನಲ್ಲಿ ಅದು ಯಾರನ್ನು ಉಳಿಸಿತೆಂದು ನೀವು ಪತ್ರದಲ್ಲಿ ತಿಳಿಸಿಲ್ಲ. ಆ ಮನುಷ್ಯನು 9ನೇ ಕಂತಿನಲ್ಲಿ ತಮ್ಮನ ಹಾಸಿಗೆಯ ಪಕ್ಕದಲ್ಲೇ ನಿಂತಿರುವಂತೆ ಬರೆದು, ಗೆಳತಿಯ ಪ್ರಶ್ನೆಯನ್ನು ತಮ್ಮನ ಬಾಯಲ್ಲೇ ಹಾಕಿ ನೋಡಿ.