ನಮ್ಮೂರ ಹೆಣ್ಮಗಳು ಎಲೆಕ್ಷನ್‌ಗೆ ನಿಲ್ತಾಳ, ನಾವು ಹೆಂಗಸ್ರ ರೊಕ್ಕ ಕೂಡಿಸಿ ಕೊಡಬಹುದಾ?

ನೀವು ಕೇಳಿದ್ದು ಇದರಿ: ನಿಮ್ಮ ಸಂಘದಾಕಿ ಒಬ್ಬಾಕಿ ಮುಂದಿನ ಸಲ ವಿಧಾನಸಭೆಗೆ ನಿಲ್ತೀನಿ ಅಂತ ಟಿಕೆಟ್ ಕೇಳಾಕತ್ತಾಳ, ಹೆಣ್ಮಕ್ಕಳು ಸೇರಿ ನೂರು ಇನ್ನೂರು ಕೂಡಿಸಿದ್ರ ಕಾನೂನಿನ ತ್ರಾಸ ಆಗ್ತದನು, ಅಷ್ಟು ಸಣ್ಣ ರೊಕ್ಕದಿಂದ ಏನರ ಆಗ್ತದನು ಅಂತ.

ಕೂಡಿಸ್ರಿ, ಟಿಕೆಟ್ ಸಿಗೂತನಕ ಕಾಯಬ್ಯಾಡ್ರಿ. ನಾನು ಧಾರವಾಡದಾಕಿ, 2021ರ ಪಾಲಿಕೆ ಎಲೆಕ್ಷನ್‌ದಾಗ ನಮ್ಮ ವಾರ್ಡಿಗೆ ನಿಂತ ಹೆಣ್ಮಗಳ ಲೆಕ್ಕ ಬರದಾಕಿ, ಅದಕ್ಕ ಇಷ್ಟು ಗಟ್ಟಿಯಾಗಿ ಹೇಳಾಕತ್ತೀನಿ.

ಧಾರವಾಡ ಜಿಲ್ಲಾದಾಗ 7, ಗದಗದಾಗ 4, ಹಾವೇರಿಯೊಳಗ 6, ಒಟ್ಟು 17 ಕ್ಷೇತ್ರ. 2023ರಾಗ ಈ 17ರೊಳಗ ಒಬ್ಬ ಹೆಣ್ಮಗಳೂ ಗೆದ್ದಿಲ್ಲ, ಇಡೀ ರಾಜ್ಯದ 224ರಾಗ ಗೆದ್ದೋರು ಬರೇ 10 ಮಂದಿ. ಸರೋಜಿನಿ ಮಹಿಷಿಯವರನ್ನ 1962ರಿಂದ ನಾಲ್ಕು ಸಲ ಲೋಕಸಭಾಕ್ಕ ಕಳಿಸಿದ ಧಾರವಾಡ ಇದು, ಅವರಾದ ಮ್ಯಾಲೆ ಇಲ್ಲಿಂದ ಇನ್ನೊಬ್ಬ ಹೆಣ್ಣು ಎಂಪಿ ಆಗಿಲ್ಲ ಅಂದ್ರ ಹೊಟ್ಯಾಗ ಸಂಕಟ ಆಗ್ತದ ನನಗ. ಪಂಚಾಯ್ತಿಯೊಳಗ ಅರ್ಧ ಸೀಟು ನಮಗ ಮೀಸಲು, ಅಲ್ಲಿ ಕೆಲಸ ಕಲತೋರು ಸಾಕಷ್ಟು ಮಂದಿ ಅದಾರ, ಆದ್ರ ಅದರ ಮ್ಯಾಲಿನ ಟಿಕೆಟ್ ಕೇಳಾಕ ಹೋದ್ರ ಪಾರ್ಟಿಯೋರು ಮೊದಲ ಕೇಳೂದ "ಖರ್ಚು ಯಾರು ನೋಡ್ಕೋತಾರ?" ಅಂತ. 33% ಮೀಸಲಾತಿ ಕಾಯ್ದೆನೂ 2023ರಾಗ ಪಾಸಾತು, ಖರೇ, ಆದ್ರ ಸೀಟು ಮೀಸಲಾಗಿ ಕೈಯಾಗ ರೊಕ್ಕ ಇಲ್ಲಂದ್ರ ಆ ಸೀಟು ಯಾರದೋ ಹೆಂಡ್ತಿಗೆ ಇಲ್ಲಾ ಸೊಸಿಗೆ ಹೋಗ್ತದ ಅಷ್ಟ.

ಅಮೆರಿಕಾದಾಗ 1985ರಾಗ ಎಲೆನ್ ಮಾಲ್ಕಮ್ ಅನ್ನಾಕಿ ಗೆಳತ್ಯಾರನ್ನ ತನ್ನ ಮನಿಗೆ ಕರದು, ಎಲ್ಲಾರೂ ತಮ್ಮ ತಮ್ಮ ಪರಿಚಯದೋರಿಗೆ ಪತ್ರ ಬರದು, ಹೆಣ್ಣು ಅಭ್ಯರ್ಥಿಗಳಿಗೆ ಶುರುವಿನಾಗ ರೊಕ್ಕ ಕಳಿಸ್ರಿ ಅಂತ ಕೇಳಿದ್ರು. ಎಮಿಲೀಸ್ ಲಿಸ್ಟ್ ಅಂತಾರ ಆ ಗುಂಪಿಗೆ. ಮರುವರ್ಷನ ಮೇರಿಲ್ಯಾಂಡಿನ ಬಾರ್ಬರಾ ಮಿಕುಲ್ಸ್ಕಿ ಈ ಗುಂಪಿನ ಬೆಂಬಲದಿಂದ ಸೆನೆಟ್‌ಗೆ, ಅಂದ್ರ ಅಲ್ಲಿನ ಪಾರ್ಲಿಮೆಂಟಿನ ಮೇಲ್ಮನೆಗೆ, ಗೆದ್ರು. ನಮ್ಮ ದೇಶದಾಗ ಆಮ್ ಆದ್ಮಿ ಪಾರ್ಟಿಯ ಅತಿಶಿ 2025ರಾಗ ದಿಲ್ಲಿಯ ಕಾಲ್ಕಾಜಿಗೆ ಜನರ ಹಂತ್ಯಾಕ 40 ಲಕ್ಷ ಕೇಳಿ ನಿಂತ್ರು, ಗೆದ್ರು. ಆ 40 ಲಕ್ಷನ ವಿಧಾನಸಭಾಕ್ಕ ನಿಂತ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ, ಕರ್ನಾಟಕಕ್ಕೂ ಅಷ್ಟ.

ಈಗ ಕಾನೂನು. ನಾಮಿನೇಷನ್‌ಗಿಂತ ಮೊದಲ ಎಲೆಕ್ಷನ್ ಖರ್ಚಿಗಂತ ಬ್ಯಾರೆ ಬ್ಯಾಂಕ್ ಖಾತೆ ತಗೀಲೇಬೇಕು, ಕೂಡಿಸಿದ್ದೆಲ್ಲಾ ಅದರಾಗ ಬೀಳಬೇಕು, ಒಬ್ಬರ ಕಡಿಂದ 10,000ಕ್ಕಿಂತ ಜಾಸ್ತಿ ನಗದು ಇಸ್ಕೋಬಾರದು, ರಿಸಲ್ಟ್ ಬಂದ 30 ದಿನದಾಗ ಲೆಕ್ಕ ಕೊಡಬೇಕು, ಕೊಡದಿದ್ರ ಮೂರು ವರ್ಷ ಅನರ್ಹ ಆಗಬಹುದು. ವಿದೇಶದ ಪಾಸ್‌ಪೋರ್ಟ್ ಇರೋ ಪರಿಚಯದೋರು ಪ್ರೀತಿಯಿಂದ ಕಳಿಸ್ತೀನಿ ಅಂದ್ರೂ ಬ್ಯಾಡ ಅನ್ರಿ. ಸ್ವಸಹಾಯ ಸಂಘದ ಉಳಿತಾಯಕ್ಕಂತೂ ಕೈ ಹಚ್ಚಬ್ಯಾಡ್ರಿ, ಅದು ಹತ್ತು ಮನಿ ಸಾಲದ ರೊಕ್ಕ, ಒಬ್ಬೊಬ್ರು ತಮ್ಮ ಸ್ವಂತದ್ದು ಕೊಡ್ಲಿ.

ಒಂದು ತೊಡಕು ಐತಿ. ಟಿಕೆಟ್ ಸಿಗೂಕಿಂತ ಮೊದಲ ಆಕಿ ಸ್ವಂತ ಖಾತೆಗೆ ಸುರದ್ರ, ಸಂಬಂಧಿಕರಲ್ಲದೋರು ಕೊಟ್ಟಿದ್ದು ವರ್ಷಕ್ಕ 50,000 ದಾಟಿದ್ರ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕ ಬರ್ತದ. ಅದಕ್ಕ ಈಗ ಒಂದು ವಹಿ ಮಾಡ್ರಿ, ಯಾರು ಎಷ್ಟು ಕೊಡ್ತೀನಿ ಅಂದ್ರು ಅಂತ ಹೆಸರು, ಓಣಿ, ಸಹಿ ಬರಸ್ರಿ, ಸದ್ಯಕ್ಕ ಆಕಿ ಅಡ್ಡಾಡೂ ಖರ್ಚಿಗೆ ಆಗೂವಷ್ಟ ಇಸ್ಕೋರಿ, ಉಳದಿದ್ದು ಎಲೆಕ್ಷನ್ ಖಾತೆ ತಗದ ದಿನ ಹಾಕಸ್ರಿ. ಪಾರ್ಟಿಯೋರು ಖರ್ಚು ಯಾರು ನೋಡ್ಕೋತಾರ ಅಂತ ಕೇಳಿದಾಗ ಆ ವಹಿ ಅವರ ಮುಂದ ಇಡ್ರಿ. ಇಷ್ಟು ಓಣಿಯ ಇಷ್ಟು ಹೆಣ್ಮಕ್ಕಳು ಸಹಿ ಮಾಡ್ಯಾರ ಅಂದ್ರ ಅದು ರೊಕ್ಕಾನೂ ಹೌದು, ವೋಟೂ ಹೌದು, ಅವರಿಗೆ ಲಗೂನ ತಿಳೀತದ.

ಸಣ್ಣ ರೊಕ್ಕದಿಂದ ಏನಾಗ್ತದ ಅಂದ್ರಿ. ನಮ್ಮ ವಾರ್ಡಿನಾಗ ಐವತ್ತು ರೂಪಾಯಿ ಕೊಟ್ಟೋರಿದ್ರು, ಹೂ ಮಾರಾಕಿ ಕೊಟ್ಟಿದ್ಲು, ರೊಕ್ಕ ಇಲ್ಲದೋರು ಪ್ರಚಾರಕ್ಕ ಹೋಗೋರಿಗೆ ರೊಟ್ಟಿ ಬಡದು ಕಳಿಸಿದ್ರು (ಅದರ ಕಿಮ್ಮತ್ತೂ ಖರ್ಚಿನಾಗ ಬರೀಬೇಕ್ರಿ, ಮರೀಬ್ಯಾಡ್ರಿ). ನಡುವ ಒಬ್ಬ ಗುತ್ತಿಗೆದಾರ ಬಂದು ಪೂರ್ತಿ ಖರ್ಚು ನಂದ, ನೀವೇನೂ ವಿಚಾರ ಮಾಡಬ್ಯಾಡ್ರಿ ಅಂದ. ಆಕಿ ಹಂತ್ಯಾಕ ಅಷ್ಟೊತ್ತಿಗೆ ಪೋಸ್ಟರು, ಆಟೋ, ಮೈಕಿಗೆ ಸಾಲೂವಷ್ಟು ನಮ್ಮ ರೊಕ್ಕ ಇತ್ತು, ಬ್ಯಾಡ್ರಿ ಅಂತ ಹೇಳಿ ಕಳಿಸಿದ್ಲು. ನಾನು ಆ ಚಿಲ್ಲರೆಯೆಲ್ಲಾ ಲೆಕ್ಕ ಹಿಡಿದಿದ್ದಕ್ಕ ಅವತ್ತಿನಷ್ಟು ಸಮಾಧಾನ ಬ್ಯಾರೆ ಯಾವತ್ತೂ ಆಗಿಲ್ಲ. ಅವನ ರೊಕ್ಕ ಇಸ್ಕೊಂಡಿದ್ರ ಆಮ್ಯಾಲೆ ನಳದ ನೀರಿನ ಪೈಪು ಯಾವ ಓಣಿಗೆ ಮೊದಲ ಅನ್ನೂದನ್ನೂ ಅವನ ಹೇಳ್ತಿದ್ದ.

ಮತ್ತ ಉಳದ ರೊಕ್ಕ ಏನು ಮಾಡೂದು ಅಂತ ಮೊದಲ ದಿನನ ವಹಿಯ ಮೊದಲ ಹಾಳಿಮ್ಯಾಲೆ ಬರದು ಎಲ್ಲಾರಿಗೂ ಓದಿ ಹೇಳ್ರಿ, ಜಗಳ ಆಗೂದು ಅಲ್ಲೇ. ವಹಿಯೊಳಗ ಯಾವ್ಯಾವ ಕಾಲಂ ಹಾಕಬೇಕು ಅಂತ ಗೊತ್ತಾಗದಿದ್ರ ಕೇಳ್ರಿ, ನಮ್ಮದರ ನಮೂನೆ ಕಳಿಸ್ತೀನಿ.